ಕಾಂದಿವಲಿಯ ಕಾಡು ಯಾರ ಜಾಗ? ವಾಕಿಂಗ್ ಪಾಸು, ಹುಣಸೆಮರ ಮತ್ತು ಊರಿನ ನಂಟು

ವಿಡಿಯೋ ನೋಡೋಕೆ ಟೈಮ್ ಇಲ್ಲ, ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಓದ್ತೀವಿ ಅನ್ನುವವರಿಗಾಗಿ ಈ ವಾರದ ಮಾತಿನ ಬರಹರೂಪ ಇಲ್ಲಿದೆ. ಮಾತಾಡುವಾಗ ಬಂದ ಅಡ್ಡಮಾತುಗಳನ್ನು ತೆಗೆದಿದ್ದೇನೆ, ಉಳಿದದ್ದು ಹಾಗೇ ಇದೆ.

ಒಂದು ಮರದಿಂದ ಶುರು ಮಾಡ್ತೀನಿ. ನಾನು ಬಾಡಿಗೆಗಿರೋದು ಕಾಂದಿವಲಿ ಪೂರ್ವದಲ್ಲಿ, ಹದಿನಾಲ್ಕನೇ ಮಹಡಿ. ಮನೆ ತೋರಿಸುವಾಗ ಬ್ರೋಕರ್ ಮೊದಲು ಅಡುಗೆಮನೆ ತೋರಿಸಲಿಲ್ಲ, ಸೀದಾ ಬಾಲ್ಕನಿಗೆ ಕರ್ಕೊಂಡು ಹೋದ. "ನೋಡಿ ಸರ್, ನ್ಯಾಷನಲ್ ಪಾರ್ಕ್ ವ್ಯೂ." ಆ ವ್ಯೂಗೆ ತಿಂಗಳಿಗೆ ಮೂರು ಸಾವಿರ ಜಾಸ್ತಿ. ಕೊಟ್ಟೆ. ತಿಪಟೂರಿನ ತೋಟದ ನಡುವೆ ಬೆಳೆದವನು ನಾನು, ಕಿಟಕಿ ತೆಗೆದರೆ ಹಸಿರು ಕಾಣಬೇಕು ಅನ್ನೋದು ನನ್ನ ಒಂದೇ ಹಟ ಆಗಿತ್ತು.

ಬಾಲ್ಕನಿಯಿಂದ ನೋಡಿದರೆ ಕಾಡಿನ ಕಾಂಪೌಂಡ್ ಗೋಡೆ, ಅದರಾಚೆ ಏರು, ಏರಿನ ಮೇಲೆ ಒಂದು ದೊಡ್ಡ ಹುಣಸೆಮರ. ಲಾಕ್‌ಡೌನ್‌ನಲ್ಲಿ ದಿನವಿಡೀ ಮೀಟಿಂಗ್ ಮಾಡುವಾಗ ನನ್ನ ಕಣ್ಣು ಆ ಮರದ ಮೇಲೇ ಇರ್ತಿತ್ತು. ಮನಸ್ಸಿನಲ್ಲೇ ಅದನ್ನ "ನನ್ನ ಮರ" ಅಂತ ಕರೆಯೋಕೆ ಶುರು ಮಾಡಿದ್ದೆ.

ನಮ್ಮ ಮನೆಗೆ ಕೆಲಸಕ್ಕೆ ಬರೋ ಮಾವ್ಶಿ ಒಂದು ದಿನ ಬಟ್ಟೆ ಒಣಹಾಕ್ತಾ ನನ್ನ ಹೆಂಡತಿ ಹತ್ರ ಹೇಳಿದರು: "ಭಾಭಿ, ಆ ಹುಣಸೆಮರ ಕಾಣ್ತದಲ್ಲ, ಅದರ ಬುಡದಲ್ಲೇ ನಮ್ಮ ಮನೆ ಇತ್ತು. ಆಗ ನನಗೆ ಹನ್ನೆರಡೋ ಹದಿಮೂರೋ. ಬುಲ್ಡೋಜರ್ ಬಂತು. ಅಪ್ಪನ ಹತ್ರ ಕಾಗದ ಇರಲಿಲ್ಲ."

ಅವರಿಗೆ ಬೇಜಾರು ಇರಲಿಲ್ಲ, ಸುಮ್ಮನೆ ಹೇಳಿದ ಮಾತು. ಹೇಳಿ ಕ್ಲಿಪ್ ಹಾಕಿ ಒಳಗೆ ಹೋದರು. ನನಗೆ ಮಾತ್ರ ಅವತ್ತಿಂದ ಆ ಮರ ಮೊದಲಿನ ಹಾಗೆ ಕಾಣಲಿಲ್ಲ. ನಾನು ವ್ಯೂಗೆ ಬಾಡಿಗೆ ಕೊಡ್ತಿದ್ದ ಜಾಗ ಅವರ ಅಂಗಳ. ಹಾಗಾದರೆ ಆ ಜಾಗದ ಮೇಲೆ ನನಗಿರೋ ಪ್ರೀತಿ ಸುಳ್ಳಾ? ಅವರದ್ದು ಮಾತ್ರ ನಿಜವಾ? ಇವತ್ತಿನ ಮಾತು ಈ ಪ್ರಶ್ನೆಯ ಬಗ್ಗೆ. ಉತ್ತರ ಹುಡುಕೋಕೆ ಸ್ವಲ್ಪ ಸಂಶೋಧನೆ, ಜಾಸ್ತಿ ಇತಿಹಾಸ ಬೇಕಾಗುತ್ತೆ.

ನಂಟು ಅಂದರೆ ಏನು?

ಜಾಗದ ಮೇಲಿನ ಪ್ರೀತಿಯನ್ನ ಅಧ್ಯಯನ ಮಾಡೋರು ಇದ್ದಾರೆ ಅಂದರೆ ಹಲವರಿಗೆ ಆಶ್ಚರ್ಯ ಆಗುತ್ತೆ. ಇ-ಫು ತುವಾನ್ ಅನ್ನೋ ಭೂಗೋಳಶಾಸ್ತ್ರಜ್ಞ 1974ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ಹೆಸರು 'ಟೋಪೋಫಿಲಿಯಾ', ಅಂದರೆ ಜಾಗದ ಒಲವು. ತುವಾನ್ ಹುಟ್ಟಿದ್ದು ಚೀನಾದಲ್ಲಿ, ಅಪ್ಪ ರಾಜತಾಂತ್ರಿಕ ಕೆಲಸದಲ್ಲಿದ್ದರು, ಬಾಲ್ಯದಿಂದಲೂ ದೇಶ ದೇಶ ಸುತ್ತಿ ಕೊನೆಗೆ ಅಮೆರಿಕದಲ್ಲಿ ನೆಲೆನಿಂತರು. ಒಂದೇ ಊರಲ್ಲಿ ಬೇರುಬಿಟ್ಟವರಲ್ಲ, ನಮ್ಮ ಹಾಗೇ ಅಲೆದವರು ಈ ವಿಷಯ ಎತ್ತಿದರು ಅನ್ನೋದನ್ನ ನೆನಪಿಟ್ಟುಕೊಳ್ಳಿ.

ಆಮೇಲೆ ಅಮೆರಿಕದಲ್ಲಿ ಉದ್ಯಾನ, ಕಾಡು, ಟ್ರೆಕ್ಕಿಂಗ್ ಜಾಗಗಳಿಗೆ ಬರುವವರನ್ನ ಪ್ರಶ್ನೆ ಕೇಳಿ ಅಳೆಯುವ ಕೆಲಸ ಶುರುವಾಯಿತು. ಡೇನಿಯಲ್ ವಿಲಿಯಮ್ಸ್ ಮತ್ತು ಜೋಸೆಫ್ ರೋಗನ್‌ಬಕ್ 1989ರ ಹೊತ್ತಿಗೆ ಈ ನಂಟನ್ನ ಎರಡು ಎಳೆಯಾಗಿ ಬಿಡಿಸಿದರು.

ಮೊದಲನೆಯದು ಅವಲಂಬನೆ. ನನಗೆ ಬೆಳಿಗ್ಗೆ ಐದು ಕಿಲೋಮೀಟರ್ ನಡೆಯಬೇಕು, ಈ ಪಾರ್ಕಿನಲ್ಲಿ ಆಗುತ್ತೆ, ಹತ್ತಿರ ಬೇರೆಲ್ಲೂ ಆಗಲ್ಲ. ಇದಕ್ಕಿಂತ ಒಳ್ಳೇ ಜಾಗ ಸಿಕ್ಕರೆ ಅಲ್ಲಿಗೆ ಹೋಗ್ತೀನಿ. ಎರಡನೆಯದು ಗುರುತು. ಈ ಜಾಗ ಇಲ್ಲದಿದ್ದರೆ ನಾನು ಯಾರು ಅಂತ ಹೇಳೋಕೆ ಒಂದು ವಾಕ್ಯ ಕಮ್ಮಿ ಆಗುತ್ತೆ. ಇದಕ್ಕೆ ಬದಲಿ ಜಾಗ ಅನ್ನೋದೇ ಇಲ್ಲ.

ನಿಮ್ಮನ್ನ ನೀವೇ ಪರೀಕ್ಷೆ ಮಾಡ್ಕೊಳ್ಳಿ. ಕಂಪನಿ ನಾಳೆ ಪುಣೆಗೋ ಹೈದರಾಬಾದಿಗೋ ಕಳಿಸಿದರೆ, ಅಲ್ಲಿ ಇನ್ನೂ ದೊಡ್ಡ ಪಾರ್ಕ್ ಇದ್ದರೆ, ನಿಮಗೆ ಇಲ್ಲಿನದು ನೆನಪಾಗುತ್ತಾ? ಆಗಲ್ಲ ಅಂದರೆ ನಿಮ್ಮದು ಮೊದಲನೆಯದು. ಆಗುತ್ತೆ ಅಂದರೆ ನಿಧಾನವಾಗಿ ಎರಡನೆಯದಕ್ಕೆ ಜಾರ್ತಿದ್ದೀರಿ. ಈ ಎರಡು ಎಳೆ ಕೈಯಲ್ಲಿ ಹಿಡ್ಕೊಂಡು ಈಗ ಕಾಂದಿವಲಿಯ ಹಿಂದಿನ ಗುಡ್ಡ ಹತ್ತೋಣ.

ಗೌಡ ದೇಶದಿಂದ ಬಂದವನ ನೂರು ದ್ರಮ್ಮ

ಕಾಂದಿವಲಿ, ಬೋರಿವಲಿಗಳ ಪೂರ್ವಕ್ಕಿರುವ ಈ ಕಾಡಿನ ನಡುವೆ ಕಾನ್ಹೇರಿ ಗುಹೆಗಳಿವೆ. ಹಳೆಯ ಹೆಸರು ಕೃಷ್ಣಗಿರಿ, ಕಪ್ಪು ಬೆಟ್ಟ. ಕ್ರಿಸ್ತಪೂರ್ವ ಮೊದಲನೇ ಶತಮಾನದ ಆಸುಪಾಸಿನಿಂದ ಸಾವಿರ ವರ್ಷ ಬೌದ್ಧ ಭಿಕ್ಷುಗಳು ಬಸಾಲ್ಟ್ ಕಲ್ಲನ್ನ ಕೊರೆದು ನೂರಕ್ಕೂ ಹೆಚ್ಚು ಗುಹೆ ಮಾಡಿದ್ದಾರೆ. ಗುಹೆ ಗುಹೆಗೂ ಮಳೆನೀರು ಹಿಡಿಯುವ ಕಲ್ಲಿನ ತೊಟ್ಟಿ.

ಕನ್ನಡದವರಾದ ನಾವು ಇಲ್ಲಿ ಒಂದು ನಿಮಿಷ ನಿಲ್ಲಲೇಬೇಕು. ಒಂಬತ್ತನೇ ಶತಮಾನದ ಕೆಲವು ಶಾಸನಗಳು ಕಾನ್ಹೇರಿಯಲ್ಲಿವೆ. ಆಗ ಕೊಂಕಣವನ್ನ ಆಳುತ್ತಿದ್ದವರು ಶಿಲಾಹಾರರು. ಅವರ ಮೇಲಿನ ಸಾರ್ವಭೌಮ ಅಂತ ಆ ಶಾಸನಗಳಲ್ಲಿ ಯಾರ ಹೆಸರಿದೆ ಗೊತ್ತಾ? ಮಾನ್ಯಖೇಟದ ಅಮೋಘವರ್ಷ. ಹೌದು, 'ಕವಿರಾಜಮಾರ್ಗ'ದ ಜೊತೆ ನಾವು ಶಾಲೆಯಲ್ಲಿ ಓದಿದ ಅದೇ ನೃಪತುಂಗ. ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಕೂತ ದೊರೆಯ ಹೆಸರು ನಮ್ಮ ಬಾಲ್ಕನಿ ಎದುರಿನ ಗುಡ್ಡದ ಕಲ್ಲಿನಲ್ಲಿದೆ.

ಇದನ್ನ ಕೇಳಿದ ತಕ್ಷಣ "ಹಾಗಾದ್ರೆ ಇದು ನಮ್ದೇ" ಅಂತ ಎದೆ ಉಬ್ಬಿಸೋದು ಸುಲಭ. ನನಗೂ ಮೊದಲು ಹಾಗೇ ಅನ್ನಿಸಿತು. ಆದರೆ ನನ್ನನ್ನ ಹಿಡಿದು ನಿಲ್ಲಿಸಿದ್ದು ದೊರೆಯ ಹೆಸರಲ್ಲ, ಅದರ ಪಕ್ಕದಲ್ಲಿರುವ ಇನ್ನೊಂದು ಹೆಸರು: ಅವಿಘ್ನಾಕರ. ಗೌಡ ದೇಶದವನು, ಅಂದರೆ ಇವತ್ತಿನ ಬಂಗಾಳದ ಕಡೆಯವನು. ಶಕ 775, ನಮ್ಮ ಲೆಕ್ಕದಲ್ಲಿ 853–54. ಇಲ್ಲಿನ ಭಿಕ್ಷುಗಳ ವಸತಿಗೆ, ಬಟ್ಟೆಗೆ ಅಂತ ನೂರು ದ್ರಮ್ಮ ಇಟ್ಟ. ಬಹಳ ದೂರದಿಂದ ಬಂದವನು, ಭಾಷೆ ಬೇರೆ. ಈ ಬೆಟ್ಟದ ಮೇಲೆ ಹಕ್ಕು ಕೇಳಲಿಲ್ಲ. ಇಲ್ಲಿ ಇರೋರಿಗೆ ಏನು ಬೇಕೋ ಅದನ್ನ ಕೊಟ್ಟ, ಹೆಸರು ಉಳಿಯಿತು.

1009 ಮತ್ತು 1021ರಲ್ಲಿ ಪಾರ್ಸಿ ಪ್ರವಾಸಿಗಳೂ ಇಲ್ಲಿಗೆ ಬಂದು ಪಹ್ಲವಿ ಲಿಪಿಯಲ್ಲಿ ತಮ್ಮ ಹೆಸರುಗಳನ್ನ ಕೊರೆದು ಹೋಗಿದ್ದಾರೆ. "ನಾವಿಲ್ಲಿ ಬಂದಿದ್ದೆವು" ಅನ್ನೋ ಚಪಲ ಹೊಸದೇನಲ್ಲ ನೋಡಿ. ಅಂದರೆ ಈ ಗುಡ್ಡ ಯಾವತ್ತೂ ಬರೀ ಸ್ಥಳೀಯರದ್ದಾಗಿರಲಿಲ್ಲ. ಹೊರಗಿನಿಂದ ಬಂದವರ ನಂಟಿಗೂ ಇಲ್ಲಿ ಸಾವಿರ ವರ್ಷಕ್ಕೂ ಹೆಚ್ಚಿನ ಲಿಖಿತ ಪುರಾವೆ ಇದೆ.

ಗುಡ್ಡ ರೈಲು ಹತ್ತಿತು

ಈಗ ಬ್ರಿಟಿಷರ ಕಾಲಕ್ಕೆ ಬರೋಣ. ಕಾಂದಿವಲಿ ಆಗ ಮುಂಬಯಿ ಅಲ್ಲ. ಸಾಲ್ಸೆಟ್ ದ್ವೀಪದ ಹಳ್ಳಿಗಳ ಗುಂಪು. ಗದ್ದೆ, ತಾಳೆಮರ, ಈಸ್ಟ್ ಇಂಡಿಯನ್ ಕ್ರೈಸ್ತರು, ಕೋಳಿಗಳು, ಭಂಡಾರಿಗಳು. 1907ರ ಸುಮಾರಿಗೆ ಇಲ್ಲೊಂದು ಸ್ಟೇಷನ್ ಬಂತು, ಹೆಸರು ಖಂಡೋಲಿ.

ದಕ್ಷಿಣ ಮುಂಬಯಿಯಲ್ಲಿ ಬ್ಯಾಕ್ ಬೇ ಸಮುದ್ರ ತುಂಬಿಸುವ ದೊಡ್ಡ ಯೋಜನೆ 1920ರ ದಶಕದಲ್ಲಿ ನಡೆಯಿತು. ಸಮುದ್ರಕ್ಕೆ ಗೋಡೆ ಕಟ್ಟೋಕೆ ಕಲ್ಲು ಬೇಕು. ಎಲ್ಲಿಂದ ತರೋದು? ಕಾಂದಿವಲಿಯ ಕಲ್ಲುಕ್ವಾರಿಯಿಂದ. ಬಿ.ಬಿ. ಅಂಡ್ ಸಿ.ಐ. ರೈಲ್ವೆ, ಅಂದರೆ ಇವತ್ತಿನ ವೆಸ್ಟರ್ನ್ ಲೈನ್, ಆ ಕಲ್ಲನ್ನ ಹೊತ್ತುಕೊಂಡು ಹೋಯಿತು. ಯೋಜನೆಯಲ್ಲಿ ದುಡ್ಡು ಪೋಲಾಯಿತು, ಕೆ.ಎಫ್. ನಾರಿಮನ್ ಅದನ್ನ ಬಯಲಿಗೆಳೆದರು, 1926ರಲ್ಲಿ ವಿಚಾರಣಾ ಸಮಿತಿ ಕೂತಿತು. ಅಂದುಕೊಂಡಿದ್ದರ ಅರ್ಧದಷ್ಟು ನೆಲವೂ ಸಮುದ್ರದಿಂದ ಏಳಲಿಲ್ಲ. ಆದರೂ ಎದ್ದಷ್ಟು ನೆಲದ ಅಂಚಿನಲ್ಲಿ ಮರೀನ್ ಡ್ರೈವ್ ಬಂತು.

ಮರೀನ್ ಡ್ರೈವ್! ಊರಿಂದ ಅಪ್ಪ ಅಮ್ಮ ಬಂದರೆ ಮೊದಲು ಎಲ್ಲಿಗೆ ಕರ್ಕೊಂಡು ಹೋಗ್ತೀವಿ? ಅಲ್ಲಿಗೇ. ಒಂದು ಪೈಸೆ ಕೊಡದೆ ಯಾರು ಬೇಕಾದರೂ ಗಂಟೆಗಟ್ಟಲೆ ಕೂರಬಹುದಾದ ಜಾಗ. ಆ ತೀರವನ್ನ ಕಟ್ಟೋಕೆ ಬೇಕಾದ ಕಲ್ಲಿಗೆ ಕಾಂದಿವಲಿಯ ಗುಡ್ಡ ಕರಗಿತು. ಕಲ್ಲು ಒಡೆಯೋಕೆ ಬಂದ ಕೂಲಿಗಳಲ್ಲಿ ಎಷ್ಟೋ ಜನ ಇಲ್ಲೇ ಉಳಿದರು. ಕಾಂದಿವಲಿಗೆ ಕೆಲಸಕ್ಕೆ ಅಂತ ವಲಸೆ ಬಂದವರಲ್ಲಿ ನಾವೇನು ಮೊದಲಿಗರಲ್ಲ. ಕೀಬೋರ್ಡಿಗಿಂತ ಮುಂಚೆ ಇಲ್ಲಿ ಸುತ್ತಿಗೆ ಇತ್ತು.

ಕಾಂದಿವಲಿ ಗ್ರೇಟರ್ ಬಾಂಬೆ ಪಾಲಿಕೆಗೆ ಸೇರಿದ್ದು 1957ರಲ್ಲಿ. ಆಮೇಲೆ ಆಕುರ್ಲಿ ರಸ್ತೆಯಲ್ಲಿ ಮಹೀಂದ್ರಾ ಟ್ರ್ಯಾಕ್ಟರ್ ಕಾರ್ಖಾನೆ, ಅದರ ಸುತ್ತ ಚಾಳುಗಳು, ಚಾಳಿನ ಹಿಂದೆ ಜೋಪಡಿಗಳು. ಊರು ಪೂರ್ವಕ್ಕೆ, ಕಾಡಿನ ಕಡೆಗೆ ಹತ್ತತೊಡಗಿತು.

ಮೊದಲು ನೀರು, ಆಮೇಲೆ ಪಾರ್ಕು

ಕಾಡನ್ನ ಉಳಿಸಬೇಕು ಅಂತ ಸರ್ಕಾರಕ್ಕೆ ಮೊದಲು ಅನ್ನಿಸಿದ್ದು ಚಿರತೆಗಾಗಿಯೂ ಅಲ್ಲ, ವಾಕಿಂಗಿಗಾಗಿಯೂ ಅಲ್ಲ. ನೀರಿಗಾಗಿ. 1860ರಲ್ಲಿ ವಿಹಾರ್ ಕೆರೆ, 1879ರಲ್ಲಿ ತುಳಸಿ ಕೆರೆ. ಎರಡೂ ಇವತ್ತಿಗೂ ಮುಂಬಯಿಗೆ ನೀರು ಕೊಡ್ತಿವೆ. ಕೆರೆಗೆ ನೀರು ಹರಿದು ಬರುವ ಇಳಿಜಾರು ಕೆಡದಿರಲಿ ಅಂತ ಸುತ್ತಲಿನ ಗುಡ್ಡ ಕಾದಿಟ್ಟರು. ಸ್ವಾತಂತ್ರ್ಯ ಬಂದ ಮೇಲೆ, 1950ರ ಬಾಂಬೆ ನ್ಯಾಷನಲ್ ಪಾರ್ಕ್ಸ್ ಕಾಯ್ದೆಯಡಿ 20 ಚದರ ಕಿಲೋಮೀಟರ್ ಆಸುಪಾಸಿನ ಕೃಷ್ಣಗಿರಿ ಉದ್ಯಾನ ಆಯಿತು. ಅದು ಬೆಳೆದು 1974ರಲ್ಲಿ ಬೋರಿವಲಿ ರಾಷ್ಟ್ರೀಯ ಉದ್ಯಾನ, ಆಮೇಲೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. ಈಗ ಸುಮಾರು 103 ಚದರ ಕಿಲೋಮೀಟರ್. ದಹಿಸರ್, ಪೊಯಿಸರ್, ಓಶಿವಾರಾ, ಮೀಠಿ ನದಿಗಳು ಹುಟ್ಟೋದು ಇಲ್ಲಿಂದಲೇ. ಕಾಂದಿವಲಿಯಲ್ಲಿ ನಾವು ಮೂಗು ಮುಚ್ಚಿಕೊಂಡು ದಾಟೋ ಆ 'ನಾಲಾ' ಇದೆಯಲ್ಲ, ಅದೇ ಪೊಯಿಸರ್ ನದಿ.

ನಗರದೊಳಗೆ ಪರಿಸ್ಥಿತಿ ಹೇಗಿತ್ತು ಅಂದರೆ, ಪಾರ್ಕು ಮೈದಾನ ಎಲ್ಲ ಸೇರಿಸಿ ಜನಸಂಖ್ಯೆಗೆ ಭಾಗಿಸಿದರೆ ಮುಂಬಯಿಯಲ್ಲಿ ತಲೆಗೆ ಒಂದು ಚದರ ಮೀಟರ್ ಚಿಲ್ಲರೆ ಬಯಲು. ಹೆಚ್ಚೆಂದರೆ ಒಂದು ಯೋಗಾ ಮ್ಯಾಟ್ ಹಾಸುವಷ್ಟು. ಇಂಥ ಊರಲ್ಲಿ ಆ ಕಾಡಿನ ಮೇಲೆ ಎಲ್ಲರ ಕಣ್ಣೂ ಬೀಳೋದು ಸಹಜ. ಉಸಿರಾಡೋಕೆ ಬೇಕು ಅಂತ ಒಬ್ಬರು, ಮಲಗೋಕೆ ಜಾಗ ಬೇಕು ಅಂತ ಇನ್ನೊಬ್ಬರು.

1995ರಲ್ಲಿ ಬಾಂಬೆ ಎನ್ವಿರಾನ್ಮೆಂಟಲ್ ಆ್ಯಕ್ಷನ್ ಗ್ರೂಪ್ ಹೈಕೋರ್ಟಿಗೆ ಹೋಯಿತು. ಉದ್ಯಾನದೊಳಗಿನ ಜೋಪಡಿಗಳನ್ನ ತೆಗೆಸಿ ಅಂತ. 1997ರ ಮೇ 7ರಂದು ಕೋರ್ಟ್ ಆದೇಶ ಕೊಟ್ಟಿತು. 1995ರ ಜನವರಿ 1ರ ಮೊದಲಿಂದ ಇದ್ದೀವಿ ಅಂತ ತೋರಿಸಬಲ್ಲವರಿಗೆ, ಏಳು ಸಾವಿರ ರೂಪಾಯಿ ಕಟ್ಟಿದರೆ ಬೇರೆ ಕಡೆ ಜಾಗ. ಕಾಗದ ಇಲ್ಲದವರಿಗೆ ಏನೂ ಇಲ್ಲ. ಮುಂದಿನ ಕೆಲವು ವರ್ಷಗಳಲ್ಲಿ ಹತ್ತಾರು ಸಾವಿರ ಜೋಪಡಿ ನೆಲಸಮ ಆದವು. ಮಾವ್ಶಿ ಹೇಳಿದ ಬುಲ್ಡೋಜರ್ ಇದೇ. ಅವರಪ್ಪ ಕಟ್ಟಡ ಕೆಲಸದವರು, ಊರಿಂದ ಊರಿಗೆ ಸೈಟ್ ಬದಲಾಯಿಸ್ತಾ ಇದ್ದವರು. ಮತದಾರರ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ.

ಮಾರಿ-ಎಲೆನ್ ಝೆರಾ ಅನ್ನೋ ಫ್ರೆಂಚ್ ಸಂಶೋಧಕಿ 2007ರಲ್ಲಿ ಇದನ್ನ ಹಸಿರು ಉಳಿಸೋದಕ್ಕೂ ಸೂರು ಕೊಡೋದಕ್ಕೂ ನಡುವಿನ ಜಗಳ ಅಂತ ಬಿಡಿಸಿ ಬರೆದಿದ್ದಾರೆ. ಸಮಾಜಶಾಸ್ತ್ರಜ್ಞೆ ಅಮಿತಾ ಬಾವಿಸ್ಕರ್ ಇಂಥ ಪರಿಸರಪ್ರೇಮಕ್ಕೆ 'ಬೂರ್ಜ್ವಾ ಪರಿಸರವಾದ' ಅಂತ ಹೆಸರಿಟ್ಟರು. ಉಳ್ಳವರಿಗೆ ಶುದ್ಧ ಗಾಳಿ, ಚೆಂದದ ನೋಟ ಬೇಕು. ಅದಕ್ಕೆ ಬಡವರು ಜಾಗ ಖಾಲಿ ಮಾಡಬೇಕು.

ಒಂದು ಮಾತು ನೇರವಾಗಿ ಹೇಳಬೇಕು. ಆ ಆದೇಶ ಬರದೇ ಹೋಗಿದ್ದರೆ ಕಾಡಿನ ಎಷ್ಟು ಭಾಗ ಇವತ್ತು ಉಳಿದಿರುತ್ತಿತ್ತು ಅಂತ ಯೋಚಿಸಿದರೆ ಭಯ ಆಗುತ್ತೆ. ಕಾಡು ಉಳಿದಿದ್ದರಿಂದ ಕೆರೆಗಳು ಉಳಿದಿವೆ, ಆ ನೀರನ್ನ ಜೋಪಡಿಯವರೂ ಕುಡೀತಾರೆ. ಹಾಗಾಗಿ ಇದು ಒಳ್ಳೆಯವರು ಕೆಟ್ಟವರು ಅನ್ನೋ ಕಥೆಯಲ್ಲ. ಆದರೆ ಬೆಲೆ ಕಟ್ಟಿದವರು ಒಬ್ಬರು, ಅನುಭವಿಸ್ತಿರೋರು ಇನ್ನೊಬ್ಬರು. ವಾಕಿಂಗಿಗೆ ಪಾಸು ಮಾಡಿಸಿಕೊಂಡವರ ನಂಟನ್ನ 'ಪರಿಸರ ಪ್ರೀತಿ' ಅಂದೆವು, ಬುಡದಲ್ಲಿ ಮನೆ ಕಟ್ಟಿಕೊಂಡವರ ನಂಟನ್ನ 'ಅತಿಕ್ರಮಣ' ಅಂದೆವು. ಒಂದೇ ಮರ, ಎರಡು ಪದ.

ವಾಘೋಬಾ ಮತ್ತು ಪಿಲಿಚಾಮುಂಡಿ

ಇವರಿಬ್ಬರಿಗೂ ಮುಂಚಿನವರು ಇನ್ನೊಬ್ಬರಿದ್ದಾರೆ: ವಾರ್ಲಿಗಳು. ಉದ್ಯಾನದ ಒಳಗೂ ಅಂಚಿನಲ್ಲೂ ಅವರ ಪಾಡಾಗಳಿವೆ. ಪಾಡಾ ಅಂದರೆ ಸಣ್ಣ ಹಾಡಿ. ಅವರ ದೇವರು ವಾಘೋಬಾ, ಹುಲಿ-ಚಿರತೆಯ ರೂಪದವನು. ರಮ್ಯಾ ನಾಯರ್, ವಿದ್ಯಾ ಆತ್ರೇಯ ಮತ್ತು ಜೊತೆಯವರು ಮುಂಬಯಿ ಉಪನಗರ, ಠಾಣೆ, ಪಾಲ್ಘರ್ ಭಾಗಗಳಲ್ಲಿ ಓಡಾಡಿ ನೂರೈವತ್ತರಷ್ಟು ವಾಘೋಬಾ ಗುಡಿಗಳನ್ನ ದಾಖಲಿಸಿ 2021ರಲ್ಲಿ ಪ್ರಕಟಿಸಿದರು. ದೀಪಾವಳಿಯ ಹೊತ್ತಿನ ವಾಘಬಾರಸ್‌ನಲ್ಲಿ ಪೂಜೆ. ಅವರ ನಂಬಿಕೆ ಪ್ರಕಾರ, ವಾಘೋಬಾನಿಗೆ ಸಲ್ಲಬೇಕಾದ್ದು ಸಂದರೆ ಅವನು ಕಾಯ್ತಾನೆ. ಮರೆತರೆ ಮುನೀತಾನೆ.

ಕರಾವಳಿಯವರಿಗೆ ಇದನ್ನ ವಿವರಿಸಬೇಕಾ? ತುಳುನಾಡಿನ ಪಿಲಿಚಾಮುಂಡಿ ಇದೇ ಅಲ್ವಾ! ಉತ್ತರ ಕನ್ನಡದವರು ಹುಲಿದೇವರು ಅಂತಾರೆ, ಗೋವಾದಲ್ಲಿ ವಾಘ್ರೋ. ಘಟ್ಟದ ಉದ್ದಕ್ಕೂ ಒಂದೇ ಒಪ್ಪಂದ: ಕಾಡು ಬರೀ ನಮ್ಮದಲ್ಲ, ಅದಕ್ಕೆ ಇನ್ನೊಬ್ಬ ಯಜಮಾನ ಇದ್ದಾನೆ, ಅವನ ಲೆಕ್ಕ ಚುಕ್ತಾ ಮಾಡಿ ಬಾಳಬೇಕು.

ಈ ಒಪ್ಪಂದ ಮುರಿದರೆ ಏನಾಗುತ್ತೆ ಅನ್ನೋದೂ ಇಲ್ಲೇ ಕಂಡಿತು. 2002ರಿಂದ 2004ರವರೆಗೆ ಉದ್ಯಾನದ ಅಂಚಿನಲ್ಲಿ ಚಿರತೆ ದಾಳಿಗಳು ವಿಪರೀತ ಹೆಚ್ಚಿ ಹಲವರು ಜೀವ ಕಳಕೊಂಡರು. 2004ರ ಜೂನ್ ಎಲ್ಲಕ್ಕಿಂತ ಕೆಟ್ಟ ತಿಂಗಳು. ಎಲ್ಲೋ ಹಿಡಿದ ಚಿರತೆಗಳನ್ನ ತಂದು ಕಾಡಿಗೆ ಬಿಡ್ತಿದ್ದದ್ದು ಇದಕ್ಕೆ ಒಂದು ಮುಖ್ಯ ಕಾರಣ ಅಂತ ಸಂಶೋಧಕರು ಹೇಳ್ತಾರೆ. ಪುಣೆ ಜಿಲ್ಲೆಯ ಜುನ್ನರ್‌ನಲ್ಲಿ ವಿದ್ಯಾ ಆತ್ರೇಯ ಮಾಡಿದ ಅಧ್ಯಯನವೂ ಇದನ್ನೇ ತೋರಿಸಿತು. ಚಿರತೆಗೂ ತನ್ನ ಜಾಗದ ನಂಟು ಇರುತ್ತೆ, ಕಿತ್ತು ಬೇರೆ ಕಡೆ ಬಿಟ್ಟರೆ ಅದು ಕಂಗಾಲಾಗುತ್ತೆ. 2011ರಿಂದ ಅರಣ್ಯ ಇಲಾಖೆ, ಸಂಶೋಧಕರು, ನಗರದ ಜನ ಸೇರಿ ಬೇರೆ ದಾರಿ ಹಿಡಿದರು: ಹಿಡಿಯೋದು ಬಿಡಿ, ಕಸ ತೆಗೆಯಿರಿ, ರಾತ್ರಿ ಮಕ್ಕಳನ್ನ ಒಂಟಿಯಾಗಿ ಬಿಡಬೇಡಿ, ದೀಪ ಹಾಕಿ. 2015ರ ಕ್ಯಾಮೆರಾ ಎಣಿಕೆಯಲ್ಲಿ ಕಂಡ ಚಿರತೆಗಳು 35. ಇಷ್ಟೊಂದು ಜನರ ನಡುವೆ ಅವು ಇವತ್ತೂ ಇವೆ. ಪಾಡಾದ ಅಜ್ಜಿಯರಿಗೆ ಮೊದಲೇ ಗೊತ್ತಿದ್ದ ಪಾಠವನ್ನ ನಗರ ಪೆಟ್ಟು ತಿಂದು ಕಲಿಯಿತು.

ಚಾರ್ಕೋಪಿನ ಅಂಗಳ

ಈಗ ಹಳಿ ದಾಟಿ ಕಾಂದಿವಲಿ ಪಶ್ಚಿಮಕ್ಕೆ ಬನ್ನಿ. ಪೂರ್ವದ ಕಥೆ ಕೇಳಿ, ಬಡವರಿಗೆ ಜಾಗ ಕೊಟ್ಟರೆ ಬಯಲು ಉಳಿಯಲ್ಲ ಅನ್ನೋ ತೀರ್ಮಾನಕ್ಕೆ ಬರುವವರಿಗೆ ಚಾರ್ಕೋಪ್ ತೋರಿಸಬೇಕು.

1985ರಲ್ಲಿ ವಿಶ್ವಬ್ಯಾಂಕ್ ಸಾಲದಲ್ಲಿ ಬಾಂಬೆ ಅರ್ಬನ್ ಡೆವಲಪ್‌ಮೆಂಟ್ ಪ್ರಾಜೆಕ್ಟ್ ಶುರುವಾಯಿತು. ಸರ್ಕಾರ ಮನೆ ಕಟ್ಟಿಕೊಡಲ್ಲ, ಸೈಟು, ನೀರು, ಚರಂಡಿ, ರಸ್ತೆ ಕೊಡುತ್ತೆ, ಮನೆ ನೀವೇ ಕೈಲಾದಾಗ ಕಟ್ಟಿಕೊಳ್ಳಿ. ದೊಡ್ಡ ಸೈಟುಗಳನ್ನ ಮಾರುಕಟ್ಟೆ ಬೆಲೆಗೆ ಮಾರಿ, ಆ ದುಡ್ಡಲ್ಲಿ ಸಣ್ಣ ಸೈಟು ಅಗ್ಗ. ಸಣ್ಣ ಸೈಟುಗಳನ್ನ ಒಂದು ಅಂಗಳದ ಸುತ್ತ ಗುಂಪು ಗುಂಪಾಗಿ ಜೋಡಿಸಿದರು, ಪ್ರತಿ ಗುಂಪಿಗೂ ಒಂದು ಸೊಸೈಟಿ. ತೊಂಬತ್ತರ ದಶಕದಲ್ಲಿ ಇಂಥ ಯೋಜನೆಗಳು ಸೋತವು ಅಂತ ಮಾತಾಯಿತು. ಕ್ಯಾಥರಿನ್ ಓವೆನ್ಸ್, ಸುಮಿಲಾ ಗುಲ್ಯಾನಿ, ಆಂಡ್ರಿಯಾ ರಿಜ್ವಿ ಮುಂಬಯಿ ಮತ್ತು ಚೆನ್ನೈನ ಇಂಥ ಬಡಾವಣೆಗಳನ್ನ ಇಪ್ಪತ್ತು ವರ್ಷ ಬಿಟ್ಟು ಮತ್ತೆ ನೋಡಿ, 2018ರಲ್ಲಿ ಬರೆದರು: ಸೋತಿದೆ ಅಂತ ಬಿಟ್ಟದ್ದು ಗೆದ್ದಿದೆ.

ಸಂಜೆ ಚಾರ್ಕೋಪ್ ಸೆಕ್ಟರ್‌ಗಳ ಒಳಗೆ ನಡೆದು ನೋಡಿ. ಅಂಗಳದಲ್ಲಿ ಕೇರಂ ಬೋರ್ಡ್, ತುಳಸಿಕಟ್ಟೆ, ಒಣಗಿದ ಪಾಪಡ್, ಸೈಕಲ್ ಕಲಿಯೋ ಮಗು. ಟಿಕೆಟ್ ಇಲ್ಲ, ಪಾಸಿಲ್ಲ. ನಮ್ಮ ಟವರ್‌ಗಳಲ್ಲಿ 'ಅಮೆನಿಟಿ' ಅಂತ ಚದರಡಿಗೆ ಲೆಕ್ಕ ಹಾಕಿ ಮಾರೋ ವಸ್ತು ಅಲ್ಲಿ ಬಾಗಿಲು ತೆಗೆದರೆ ಸಿಗುತ್ತೆ. ಉದ್ಯಾನ ಅಂದರೆ ದೂರದ ಕಾಡೊಂದೇ ಅಲ್ಲ. ದಿನಕ್ಕೆ ಹತ್ತು ಸಲ ದಾಟೋ ಅಂಗಳದಲ್ಲೂ ನಂಟು ಹುಟ್ಟುತ್ತೆ.

ನಮ್ಮವರ ಕಥೆ

ನಮ್ಮ ಬಿಲ್ಡಿಂಗಿನಲ್ಲಿ ಕುಂದಾಪುರ ಕಡೆಯ ಹಿರಿಯರೊಬ್ಬರಿದ್ದಾರೆ. ಹುಡುಗರಾಗಿದ್ದಾಗ ಫೋರ್ಟ್‌ನ ಹೋಟೆಲಿಗೆ ಬಂದವರು. ಹಗಲು ಟೇಬಲ್ ಒರೆಸೋದು, ರಾತ್ರಿ ಕನ್ನಡ ನೈಟ್ ಸ್ಕೂಲು. ಎಂಬತ್ತರ ದಶಕದಲ್ಲಿ ಕಾಂದಿವಲಿಗೆ ಬಂದರು. ಫೋರ್ಟ್, ಮಾಟುಂಗದಲ್ಲಿ ಇದ್ದ ನಮ್ಮವರು ಬಾಡಿಗೆ ಏರಿದ ಹಾಗೆ ಲೋಕಲ್ ಹಳಿ ಹಿಡಿದು ಉತ್ತರಕ್ಕೆ ಸರಿದ ಕಾಲ ಅದು.

"ಅಣ್ಣಾ, ನಿಮಗೆ ಯಾವಾಗ ಇದು ನಮ್ಮೂರು ಅನ್ನಿಸ್ತು?" ಅಂತ ಕೇಳಿದೆ.

"ಎಂತ ಹೇಳೂದು ಮಾರಾಯ್ರೆ. ಊರಿಗೆ ಹೋದ್ರೆ ನನ್ನನ್ನ ಬೊಂಬಾಯಿಯವ್ರು ಅಂತ್ರು. ಇಲ್ಲಿ ಮದ್ರಾಸಿ ಅಂತಿದ್ರು. ಒಂದು ಸಲ ಇಲ್ಲಿ ಮೈದಾನದಲ್ಲಿ ಯಕ್ಷಗಾನ ಆಯ್ತು. ಬೆಳಗಿನ ಜಾವದವರೆಗೆ ಮಣ್ಣಲ್ಲೇ ಕೂತಿದ್ದೆ. ಎದ್ದು ಬಟ್ಟೆ ಕೊಡವಿಕೊಂಡಾಗ ಅನ್ನಿಸ್ತು, ಇದೂ ನಮ್ಮ ಮಣ್ಣೇ ಅಂತ."

ಮೈಸೂರು ಅಸೋಸಿಯೇಷನ್ 1926ರಿಂದ, ಕರ್ನಾಟಕ ಸಂಘ 1933ರಿಂದ ಮುಂಬಯಿಯಲ್ಲಿವೆ. ಅವೆಲ್ಲ ಸಭಾಂಗಣದ ಇತಿಹಾಸ. ಅಣ್ಣ ಹೇಳಿದ್ದು ಮಣ್ಣಿನ ಇತಿಹಾಸ. ಅದನ್ನ ಯಾರೂ ಬರೆದಿಡಲ್ಲ.

ಯಶವಂತ ಚಿತ್ತಾಲರನ್ನ ನೆನೆಯದೆ ಈ ಮಾತು ಮುಗಿಯಲ್ಲ. ಅವರೂ ಒಂಥರಾ ನಮ್ಮ ಹಾಗೇ ತಂತ್ರಜ್ಞರು, ಪಾಲಿಮರ್ ವಿಜ್ಞಾನ ಓದಿ ಮುಂಬಯಿಯಲ್ಲಿ ಕಂಪನಿ ಕೆಲಸ ಮಾಡಿದವರು. ಜೀವನದ ಬಹುಭಾಗ ಇಲ್ಲೇ ಇದ್ದರು, ಆದರೆ ಅವರ ಕಥೆಗಳಲ್ಲಿ ಉತ್ತರ ಕನ್ನಡದ ಹನೇಹಳ್ಳಿ ಮತ್ತೆ ಮತ್ತೆ ಬರುತ್ತೆ. ಅದೇ ಕೈ 1979ರಲ್ಲಿ 'ಶಿಕಾರಿ'ಯಂಥ ಅಪ್ಪಟ ಮುಂಬಯಿ ಕಾದಂಬರಿಯನ್ನೂ ಬರೆಯಿತು. ಒಂದು ಊರನ್ನ ಪ್ರೀತಿಸಿದರೆ ಇನ್ನೊಂದು ಊರಿಗೆ ಮೋಸ ಆಗುತ್ತೆ ಅನ್ನೋದಕ್ಕೆ ಅವರ ಬರಹವೇ ಉತ್ತರ.

ಪೋಲೆಂಡಿನ ಮನಶ್ಶಾಸ್ತ್ರಜ್ಞೆ ಮಾರಿಯಾ ಲೆವಿಕಾ 2011ರಲ್ಲಿ ನಲವತ್ತು ವರ್ಷದ ಸಂಶೋಧನೆಗಳನ್ನ ಒಟ್ಟಿಗೆ ಇಟ್ಟು ನೋಡಿದರು. ನಂಟನ್ನ ಗಟ್ಟಿ ಮಾಡೋದರಲ್ಲಿ ಮತ್ತೆ ಮತ್ತೆ ಎದ್ದು ಕಾಣೋದು, ಅಲ್ಲಿ ಎಷ್ಟು ವರ್ಷ ಬಾಳಿದ್ದೀರಿ ಅನ್ನೋದು. ಬೆಂಗಳೂರಿನಲ್ಲಿ ಹೊರಗಿನವರ ಬಗ್ಗೆ ನಾವು ಏನೇನು ಅಂತೀವಿ ನೆನಪಿಸಿಕೊಳ್ಳಿ. "ಎರಡು ವರ್ಷ ಇರ್ತಾರೆ, ಊರಿನ ಬಗ್ಗೆ ಏನೂ ಗೊತ್ತಿಲ್ಲ, ಭಾಷೆ ಕಲಿಯಲ್ಲ, ಕಬ್ಬನ್ ಪಾರ್ಕಿನಲ್ಲಿ ಫೋಟೋ ತೆಗೆಸ್ಕೊಂಡು ಹೋಗ್ತಾರೆ." ಕಾಂದಿವಲಿಯಲ್ಲಿ ಆ 'ಹೊರಗಿನವರು' ನಾವು. ನಾವು ಮರಾಠಿ ಎಷ್ಟು ಕಲಿತಿದ್ದೀವಿ? ಪೊಯಿಸರ್ ನದಿಯ ಹೆಸರು ಎಷ್ಟು ಜನಕ್ಕೆ ಗೊತ್ತಿತ್ತು?

ಮತ್ತೆ ಹುಣಸೆಮರಕ್ಕೆ

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕೆರೆಗಳು ತುಂಬಿದ ಒಂದು ಪ್ರದೇಶ ಇದೆ. ರಜೆಯಲ್ಲಿ ಬಂದು ಹೋಗೋರ ಮನೆಗಳೂ ಇವೆ, ವರ್ಷಪೂರ್ತಿ ಇರೋರ ಮನೆಗಳೂ ಇವೆ. ರಿಚರ್ಡ್ ಸ್ಟೆಡ್‌ಮನ್ 2006ರಲ್ಲಿ ಎರಡೂ ಗುಂಪನ್ನ ಹೋಲಿಸಿದರು. ರಜೆಗೆ ಬರೋರ ನಂಟು ಸ್ಥಳೀಯರಿಗಿಂತ ಜಾಸ್ತಿ ಅಂತ ಕಂಡಿತು! ಆದರೆ ಬೇರು ಬೇರೆ. ಬಂದು ಹೋಗೋರ ನಂಟು ನೀರು, ಮರ, ನೋಟದಲ್ಲಿ ಊರಿತ್ತು. ಅಲ್ಲೇ ಬದುಕೋರ ನಂಟು ನೆರೆಹೊರೆಯಲ್ಲಿ, ಜನರಲ್ಲಿ.

ನನ್ನ ಪ್ರಶ್ನೆಗೆ ಉತ್ತರ ಇಲ್ಲಿದೆ ಅಂತ ನನಗನ್ನಿಸುತ್ತೆ. ಮರದ ಮೇಲಿನ ನನ್ನ ಪ್ರೀತಿ ಸುಳ್ಳಲ್ಲ. ಆದರೆ ಅದು ನೋಟದ ಪ್ರೀತಿ. ಅದರಲ್ಲಿ ಜನ ಇರಲಿಲ್ಲ. ಮಾವ್ಶಿ ಮಾತಾಡೋವರೆಗೆ ಆ ಮರದ ಕೆಳಗೆ ಯಾರೂ ಬದುಕಿರಲೇ ಇಲ್ಲ ನನ್ನ ಪಾಲಿಗೆ. ನಂಟು ಪೂರ್ತಿ ಆಗಬೇಕಾದರೆ ಜಾಗದ ಜೊತೆ ಅದರ ಲೆಕ್ಕವನ್ನೂ ಹೊರಬೇಕು. ಯಾರು ಕಲ್ಲು ಒಡೆದರು, ಯಾರ ಮನೆ ಹೋಯಿತು, ಯಾರ ದೇವರು ಮೊದಲಿಂದ ಕಾಯ್ತಿದ್ದಾನೆ. ಅವಿಘ್ನಾಕರ 853ರಲ್ಲಿ ಮಾಡಿದ್ದೂ ಇದನ್ನೇ, ಬಂದ ಊರಿನ ಜನರಿಗೆ ಏನು ಬೇಕು ಅಂತ ನೋಡಿದ.

ಹೋದ ಡಿಸೆಂಬರಿನಲ್ಲಿ ಒಂದು ಭಾನುವಾರ ಮಾವ್ಶಿ, ಅವರ ಮಗಳು, ನಾವು ಮೂರು ಜನ ಬೋರಿವಲಿ ಗೇಟಿನಿಂದ ಉದ್ಯಾನಕ್ಕೆ ಹೋದೆವು. ಇಷ್ಟು ವರ್ಷ ಕಾಡಿನ ಬದಿಯಲ್ಲೇ ಇದ್ದೂ ಅವರು ಟಿಕೆಟ್ ತಗೊಂಡು ಒಳಗೆ ಹೋಗಿದ್ದು ಅದೇ ಮೊದಲು. ಹುಣಸೆಮರದ ಹತ್ತಿರ ಹೋಗೋಕೆ ಆಗಲ್ಲ, ಅದು ನಿರ್ಬಂಧಿತ ಭಾಗ. ಕಾನ್ಹೇರಿ ಮೆಟ್ಟಿಲ ಮೇಲೆ ಕೂತು ಡಬ್ಬಿ ತೆಗೆದೆವು. ನಾನು ಅಮೋಘವರ್ಷನ ಕಥೆ ಹೇಳೋಕೆ ಹೋದೆ. ಮಾವ್ಶಿ ಅರ್ಧಕ್ಕೆ ತಡೆದು, ಪಕ್ಕದ ಗಿಡ ತೋರಿಸಿ ಮಗಳಿಗೆ ಮರಾಠಿಯಲ್ಲಿ ಅದರ ಹೆಸರು, ಯಾವ ಕಾಯಿಲೆಗೆ ಎಲೆ ಅರೀಬೇಕು ಅಂತ ಹೇಳತೊಡಗಿದರು. ಆಮೇಲೆ ಇನ್ನೊಂದು ಗಿಡ. ಆಮೇಲೆ ಮತ್ತೊಂದು. ಇಷ್ಟು ವರ್ಷ ನನ್ನ ಪಾಸಿನಲ್ಲಿ ನಾನು ಅವುಗಳ ಪಕ್ಕವೇ ಓಡಿ ಹೋಗಿದ್ದೆ, ಇಯರ್‌ಫೋನ್ ಹಾಕ್ಕೊಂಡು.

ಈ ವಾರ ನಿಮಗೊಂದು ಕೆಲಸ. ನೀವು ಕಾಂದಿವಲಿಯಲ್ಲಿರಿ, ವೈಟ್‌ಫೀಲ್ಡಿನಲ್ಲಿರಿ, ಹಿಂಜೇವಾಡಿಯಲ್ಲಿರಿ. ನೀವು ವಾಕಿಂಗ್ ಮಾಡೋ ಜಾಗದಲ್ಲಿ ಮೊದಲು ಏನಿತ್ತು ಅಂತ ಒಬ್ಬರನ್ನ ಕೇಳಿ. ಗೂಗಲ್ ಅಲ್ಲ, ಒಬ್ಬ ಮನುಷ್ಯರನ್ನ. ವಾಚ್‌ಮನ್ ಆಗಬಹುದು, ಹೂ ಮಾರೋ ಅಜ್ಜಿ ಆಗಬಹುದು, ನಿಮ್ಮ ಮನೆಗೆ ಬರೋ ಮಾವ್ಶಿಯೇ ಆಗಬಹುದು.

ಮುಂದಿನ ವಾರ ಸಿಗೋಣ.